ಅಳಿಯನಿಗೊಂದು, ಮಗಳಿಗೊಂದು

ಈ ಬಾರಿಯ ಸ್ಮರಣ ಸಂಚಿಕೆ ನಿಮ್ಮ ಕೈ ಸೇರುವುದು ತಡವಾಯಿತು. ತಪ್ಪು ಪ್ರೆಸ್ಸಿನವರದ್ದಲ್ಲ. ಮುಖಪುಟಕ್ಕೆ ಯಾರ ಫೋಟೋ ಎಂಬ ಒಂದೇ ವಿಷಯಕ್ಕೆ ಕಾರ್ಯಕಾರಿ ಸಮಿತಿ ಮತ್ತೆ ಮತ್ತೆ ಕೂತಿತು, ಮತ್ತೆ ಮತ್ತೆ ಎದ್ದಿತು. ಒಬ್ಬರು ಚಹಾ ಮುಟ್ಟದೆ ಹೊರಟುಹೋದರು. ಯಾರೆಂದು ಬರೆಯುವುದಿಲ್ಲ, ನಿಮಗೆಲ್ಲ ಗೊತ್ತೇ ಉಂಟು.

ಒಂದು ಕಡೆಯವರಿಗೆ ಸೂರ್ಯಕುಮಾರ್ ಯಾದವ್ ಬೇಕಿತ್ತು. 2024ರ ಜುಲೈನಲ್ಲಿ, ಟಿ–20 ವಿಶ್ವಕಪ್ ಗೆದ್ದ ಬೆನ್ನಿಗೇ ಅವರು ಪತ್ನಿಯ ಜೊತೆ ಕಾಪು ಹೊಸ ಮಾರಿಗುಡಿಗೆ ಬಂದು ಅಮ್ಮನ ದರ್ಶನ ಪಡೆದ ಫೋಟೋ. ಪತ್ನಿ ನಮ್ಮ ಕಡೆಯ ಹುಡುಗಿ, ಆದ್ದರಿಂದ ಅವರು ತುಳುನಾಡಿನ ಅಳಿಯ. ಆ ಫೋಟೋ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಇವತ್ತಿಗೂ ತಿರುಗುತ್ತಾ ಉಂಟು. ಇನ್ನೊಂದು ಕಡೆಯವರಿಗೆ, ಅಂದರೆ ನನಗೆ ಮತ್ತು ಮಹಿಳಾ ವಿಭಾಗದ ಇಬ್ಬರಿಗೆ, ಮಮತಾ ಪೂಜಾರಿ ಬೇಕಿತ್ತು. ಇತ್ಯರ್ಥವಾಗಲಿಲ್ಲ. ಮುಖಪುಟದಲ್ಲಿ ಎಂದಿನಂತೆ ಯಕ್ಷಗಾನದ ಕಿರೀಟ ಬಂದಿದೆ.

ಫೋಟೋ ಬಾರದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಸಭೆಯಲ್ಲಿ "ಯಾರು ಈ ಮಮತಾ?" ಎಂದು ಕೇಳಿದವರು ಕಾರ್ಕಳದವರೇ ಆಗಿದ್ದರಲ್ಲ, ಅದು ಇನ್ನೂ ಎದೆಯಲ್ಲಿ ಚುಚ್ಚುತ್ತಾ ಉಂಟು.

ಹಾಗಾಗಿ ಇಲ್ಲಿ ಬರೆಯುತ್ತೇನೆ, ಸಂಪಾದಕೀಯದ ಜಾಗವನ್ನು ಯಾರೂ ಕೇಳಿಲ್ಲವಷ್ಟೆ. ಮಮತಾ ಪೂಜಾರಿ ಕಾರ್ಕಳ ತಾಲ್ಲೂಕಿನ ಅಜೆಕಾರು ಬಳಿಯ ಹೆರ್ಮುಂಡೆಯವರು. ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಕಬಡ್ಡಿ ಮೊದಲ ಸಲ ನಡೆದದ್ದು 2010ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ಅಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 2012ರ ಮಾರ್ಚ್‌ನಲ್ಲಿ ಪಾಟ್ನಾದಲ್ಲಿ ನಡೆದ ಮೊತ್ತಮೊದಲ ಮಹಿಳಾ ಕಬಡ್ಡಿ ವಿಶ್ವಕಪ್‌ಗೆ ಅವರೇ ನಾಯಕಿ. ಫೈನಲ್‌ನಲ್ಲಿ ಇರಾನನ್ನು 25–19ರಲ್ಲಿ ಸೋಲಿಸಿ ಕಪ್ ಎತ್ತಿದ್ದು ನಮ್ಮ ಹೆರ್ಮುಂಡೆಯ ಹುಡುಗಿ. 2014ರಲ್ಲಿ ಇಂಚಿಯಾನ್‌ನಲ್ಲಿ ಇನ್ನೊಂದು ಏಷ್ಯನ್ ಚಿನ್ನ, ಅದೇ ವರ್ಷ ಅರ್ಜುನ ಪ್ರಶಸ್ತಿ. ಹೊಟ್ಟೆಪಾಡಿಗೆ ದಕ್ಷಿಣ ಮಧ್ಯ ರೈಲ್ವೆಯ ಕೆಲಸ. 2016ರಲ್ಲಿ ಪ್ರೊ ಕಬಡ್ಡಿಯವರು ಹೆಂಗಸರಿಗೂ ಒಂದು ಲೀಗ್ ಮಾಡಿ ನೋಡಿದರು, ಮೂರೇ ತಂಡ. ಅದರಲ್ಲಿ ಫೈರ್ ಬರ್ಡ್ಸ್‌ಗೆ ಮಮತಾ ನಾಯಕಿ, ಸ್ಟಾರ್ಮ್ ಕ್ವೀನ್ಸ್‌ಗೆ ಬೆಂಗಳೂರಿನ ತೇಜಸ್ವಿನಿ ಬಾಯಿ. ಫೈನಲ್‌ನಲ್ಲಿ ಇವರಿಬ್ಬರ ತಂಡಗಳೇ ಎದುರುಬದುರು. 24–23, ಒಂದೇ ಅಂಕದಲ್ಲಿ ತೇಜಸ್ವಿನಿ ಗೆದ್ದರು. ಎರಡೂ ಕಡೆ ಕನ್ನಡದ ನಾಯಕಿಯರೇ ಇದ್ದ ಅಂಥ ಪಂದ್ಯವನ್ನು ನಮ್ಮಲ್ಲಿ ಎಷ್ಟು ಮನೆಯಲ್ಲಿ ನೋಡಿದ್ದರು? ಆ ಲೀಗ್ ಮರುವರ್ಷ ನಡೆಯಲೂ ಇಲ್ಲ. ಗಂಡಸರದ್ದು ನಡೆಯುತ್ತಲೇ ಉಂಟು, ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಅದೇ ಓಡುತ್ತಿರುತ್ತದೆ.

ಸೂರ್ಯಕುಮಾರರ ಮೇಲೆ ನನಗೆ ಕೋಪವಿಲ್ಲ. ಬಾರ್ಬಡೋಸಿನ ಆ ಫೈನಲ್‌ನಲ್ಲಿ ಡೇವಿಡ್ ಮಿಲ್ಲರ್ ಹೊಡೆದ ಚೆಂಡನ್ನು ಗೆರೆಯಂಚಿನಲ್ಲಿ ಹಿಡಿದು, ಮೇಲಕ್ಕೆಸೆದು, ಹೊರಗೆ ಹೋಗಿ ಒಳಗೆ ಬಂದು ಮತ್ತೆ ಹಿಡಿದರಲ್ಲ, ಆಗ ನಾನೂ ಬೊಬ್ಬೆ ಹಾಕಿದವಳೇ. ಅವತ್ತು ಸಂಘದ ಹಾಲ್‌ನಲ್ಲಿ ದೊಡ್ಡ ಪರದೆ ಇತ್ತು, ಗೋಳಿಬಜೆ ಇತ್ತು, ಮೇಲೆ ಚಹಾ. ಪರದೆಯ ಬಾಡಿಗೆ ಯಾರು ಮಂಜೂರು ಮಾಡಿದರು ಎಂದು ಯಾರೂ ಕೇಳಲಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಕ್ರಿಕೆಟ್ ವಿಶ್ವಕಪ್ ಗೆದ್ದಾಗಲೂ ನಮ್ಮವರು ಖುಷಿಪಟ್ಟರು. ಆದರೆ ಅದೇ ತಿಂಗಳ 24ರಂದು ಢಾಕಾದಲ್ಲಿ ಇನ್ನೊಂದು ವಿಶ್ವಕಪ್ ಬಂತು. ಮಹಿಳಾ ಕಬಡ್ಡಿಯದ್ದು. ಫೈನಲ್‌ನಲ್ಲಿ ಚೈನೀಸ್ ತೈಪೆಯ ಮೇಲೆ 35–28. ಮಮತಾ ತಂದ ಕಪ್ಪಿನ ನಂತರ ಹದಿಮೂರು ವರ್ಷಕ್ಕೆ ನಡೆದ ಎರಡನೆಯ ವಿಶ್ವಕಪ್ ಅದು. ತಂಡದಲ್ಲಿ ಸುರತ್ಕಲ್ ಕಡೆಯ ಧನಲಕ್ಷ್ಮೀ ಪೂಜಾರಿ ಇದ್ದರು. ನಮ್ಮ ಗುಂಪಿನಲ್ಲಿ ಅವತ್ತು ಬಂದದ್ದು ಒಂದು ಹುಟ್ಟುಹಬ್ಬದ ಶುಭಾಶಯ, ಎರಡು ಮದುವೆ ಕರೆಯೋಲೆ ಮತ್ತು ಯಾರದ್ದೋ ಕಾರು ಮಾರಾಟಕ್ಕಿದೆ ಎಂಬ ಸುದ್ದಿ.

ಅಳಿಯ ಮನೆಗೆ ಬಂದರೆ ಕೋರಿ ರೊಟ್ಟಿ, ಮಗಳಿಗೆ ನಿನ್ನೆಯ ಗಂಜಿ. ತಾಯಿಯ ಕಡೆಯಿಂದ ಬಳಿ, ಅಂದರೆ ಕುಲ, ಎಣಿಸುವ ಜನ ನಾವು! ವೇದಿಕೆಯಲ್ಲಿ ನಿಂತು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದಕ್ಕೇನೂ ಕಡಿಮೆ ಇಲ್ಲ.

ಈಗ ಐರ್ಲೆಂಡಿನ ವಿಷಯಕ್ಕೆ ಬರುತ್ತೇನೆ. ಸಮಿತಿಯಲ್ಲಿ ನನ್ನ ಮೇಲೆ ಬಂದ ದೂರು ಅದೇ, ಹಾಗಾಗಿ ನಡೆದದ್ದನ್ನು ಎಲ್ಲರೂ ತಿಳಿದುಕೊಳ್ಳಲಿ. 2024ರ ಆಟಿಡೊಂಜಿ ದಿನದ ಹಿಂದಿನ ರಾತ್ರಿ ಹಾಲ್‌ನ ಅಡುಗೆಮನೆಯಲ್ಲಿ ನಾವು ಹತ್ತಾರು ಹೆಂಗಸರು ಪತ್ರೊಡೆ ಕಟ್ಟುತ್ತಿದ್ದೆವು. ಕೆಸುವಿನ ಎಲೆಯ ಬೆನ್ನಿಗೆ ಹಿಟ್ಟು ಸವರುವುದು, ಎಲೆಯ ಮೇಲೆ ಎಲೆ ಇಡುವುದು, ಸುತ್ತುವುದು. ನಡುರಾತ್ರಿ ದಾಟಿತ್ತು. ನನ್ನ ಅಕ್ಕನ ಮಗಳು ಮಣಿಪಾಲದಲ್ಲಿ ಓದಿ, ಈಗ ಡಬ್ಲಿನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳು ವಿಡಿಯೋ ಕಾಲ್ ಮಾಡಿದಳು. ಕೈಯೆಲ್ಲ ಹಿಟ್ಟು, ಫೋನನ್ನು ಬೆಲ್ಲದ ಡಬ್ಬಕ್ಕೆ ಒರಗಿಸಿಟ್ಟೆ. ಆ ಕಡೆ ಅವಳ ಇಬ್ಬರು ಹುಡುಗಿಯರು ಹಸಿರು ಬನಿಯನ್ ಹಾಕಿ ಸೋಫಾದ ಮೇಲೆ ಹತ್ತಿ ನಿಂತಿದ್ದಾರೆ, ಹಿಂದೆ ಟಿವಿ. ಪ್ಯಾರಿಸ್ ಒಲಿಂಪಿಕ್ಸ್, ಹೆಂಗಸರ 4x400 ಮೀಟರ್ ರಿಲೇಯ ಫೈನಲ್. ಐರ್ಲೆಂಡಿನ ಪರ ಸೋಫಿ ಬೆಕರ್, ರಶೀದತ್ ಅಡೆಲೆಕೆ, ಫಿಲ್ ಹೀಲಿ, ಕೊನೆಯ ಸುತ್ತಿಗೆ ಶಾರ್ಲೀನ್ ಮಾಡ್ಸ್ಲಿ.

ಬಜಗೋಳಿ ಕಡೆಯ ಹಿರಿಯರೊಬ್ಬರು ಫೋನಿಗೆ ಬಗ್ಗಿ ಕೇಳಿದರು: "ಯಾರು ಮಗಾ ಓಡುವುದು, ನಮ್ಮವರಾ?"

"ಹೌದಜ್ಜಿ, ನಮ್ಮವರು," ಎಂದಳು ದೊಡ್ಡವಳು, ತಿರುಗಿಯೂ ನೋಡದೆ.

ಅಷ್ಟು ಹೇಳಿದ್ದೇ ಸಾಕಾಯಿತು. ಅಡುಗೆಮನೆಯಲ್ಲಿದ್ದವರೆಲ್ಲ ಹಿಟ್ಟಿನ ಕೈಯಲ್ಲೇ ಬೊಬ್ಬೆ ಹಾಕಿದರು. ಅಮೆರಿಕ ಮೊದಲು, ನೆದರ್ಲೆಂಡ್ಸ್ ಎರಡನೆಯದು, ಬ್ರಿಟನ್ ಮೂರನೆಯದು. ಐರ್ಲೆಂಡ್ ನಾಲ್ಕು. ಕಂಚು ತಪ್ಪಿದ್ದು 0.18 ಸೆಕೆಂಡಿನಲ್ಲಿ. ಅವರ ಸಮಯ 3 ನಿಮಿಷ 19.90 ಸೆಕೆಂಡು, ಐರ್ಲೆಂಡಿನ ಹೊಸ ರಾಷ್ಟ್ರೀಯ ದಾಖಲೆ. ಅಡೆಲೆಕೆ ಹಿಂದಿನ ದಿನವೇ 400 ಮೀಟರ್ ಫೈನಲ್‌ನಲ್ಲೂ ನಾಲ್ಕನೆಯವಳಾಗಿದ್ದಳು. ನೈಜೀರಿಯಾದಿಂದ ಬಂದ ತಂದೆತಾಯಿಗೆ ಡಬ್ಲಿನ್‌ನಲ್ಲಿ ಹುಟ್ಟಿದ ಹುಡುಗಿ. ನಮ್ಮ ಅಕ್ಕನ ಮೊಮ್ಮಕ್ಕಳಿಗೆ ಅವಳೆಂದರೆ ಜೀವ, ಅದಕ್ಕೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಎರಡು ದಿನ ಬಿಟ್ಟು ಸೋಮವಾರ ಡಬ್ಲಿನ್‌ನ ಓಕಾನೆಲ್ ಬೀದಿಯಲ್ಲಿ ಐರ್ಲೆಂಡ್ ತಂಡಕ್ಕೆ ಸಾರ್ವಜನಿಕ ಸ್ವಾಗತ. ಮಕ್ಕಳಿಬ್ಬರೂ ಅಮ್ಮನ ಜೊತೆ ಆ ಜನಜಂಗುಳಿಯಲ್ಲಿ ನಿಂತಿದ್ದರು.

ಮರುದಿನ ಆಟಿಯ ಊಟ ಮುಗಿಯುವ ಮೊದಲೇ ನಮ್ಮ ಕೋಶಾಧಿಕಾರಿಯವರು ಬಂದರು. "ಅಕ್ಕ, ಐರ್ಲೆಂಡಿನವರಿಗೆ ಬೊಬ್ಬೆ ಹಾಕುವುದಕ್ಕೆ ನಮ್ಮ ಹಾಲೇ ಆಗಬೇಕಿತ್ತಾ? 2018ರ ಹಾಕಿ ವಿಶ್ವಕಪ್‌ನಲ್ಲಿ ನಮ್ಮ ಹುಡುಗಿಯರನ್ನು ಮನೆಗೆ ಕಳಿಸಿದ್ದು ಅವರೇ ಅಲ್ವಾ?" ಅವರು ಹೇಳಿದ್ದು ಸರಿಯೇ. ಲಂಡನ್‌ನ ಆ ಕ್ವಾರ್ಟರ್ ಫೈನಲ್ ಶೂಟೌಟಿಗೆ ಹೋಗಿ ನಾವು ಸೋತಿದ್ದೆವು, ಅವರು ಫೈನಲ್ ತನಕ ಹೋದರು. ಟೋಕಿಯೋದಲ್ಲಿ ನಾವು ಅವರನ್ನು 1–0ರಲ್ಲಿ ಸೋಲಿಸಿದ್ದೂ ಉಂಟು, ಲೆಕ್ಕ ಚುಕ್ತಾ. ಆದರೆ ಕೋಶಾಧಿಕಾರಿಯವರೇ, ಹಾಕಿಯ ಲೆಕ್ಕ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡ ನಿಮಗೆ, ಅದೇ ಪ್ಯಾರಿಸ್‌ನಲ್ಲಿ ಅದೇ ರಿಲೇಯ ಅರ್ಹತಾ ಸುತ್ತಿನಲ್ಲಿ ಭಾರತದ ಪರ ಯಾರು ಓಡಿದರೆಂದು ಗೊತ್ತಿತ್ತೇ?

ಎಂ.ಆರ್. ಪೂವಮ್ಮ ಓಡಿದ್ದರು. ಕೊಡಗಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದವರು. 2014ರ ಇಂಚಿಯಾನ್‌ನಲ್ಲೂ 2018ರ ಜಕಾರ್ತಾದಲ್ಲೂ ಇದೇ ರಿಲೇಯಲ್ಲಿ ಏಷ್ಯನ್ ಚಿನ್ನ ಗೆದ್ದ ತಂಡದವರು. 34ನೆಯ ವಯಸ್ಸಿನಲ್ಲಿ ಒಲಿಂಪಿಕ್ಸ್ ಟ್ರ್ಯಾಕಿಗೆ ಇಳಿದಿದ್ದರು. ಭಾರತದ ಸಮಯ 3 ನಿಮಿಷ 32.51 ಸೆಕೆಂಡು, ಆ ಹೀಟ್‌ನಲ್ಲಿ ಕೊನೆಯ ಸ್ಥಾನ. ಕೊನೆಯ ಸ್ಥಾನಕ್ಕೆ ಯಾರೂ ವಿಡಿಯೋ ಕಾಲ್ ಮಾಡುವುದಿಲ್ಲ, ಪತ್ರೊಡೆಯ ಕೈಯಲ್ಲಿ ಚಪ್ಪಾಳೆ ತಟ್ಟುವುದಿಲ್ಲ. ಡಬ್ಲಿನ್‌ನ ಮಕ್ಕಳು ನಾಲ್ಕನೆಯವರಿಗೂ ಬೀದಿಯಲ್ಲಿ ನಿಂತು ಕೂಗಿದರು. ನಮಗೆ ಪದಕ ಕುತ್ತಿಗೆಗೆ ಬಿದ್ದ ಮೇಲೆಯೇ ಹುಡುಗಿಯ ಊರು ಯಾವುದೆಂದು ನೆನಪಾಗುವುದು.

ಬಿದ್ದ ಮೇಲೂ ಎಷ್ಟು ದಿನ? ಅಶ್ವಿನಿ ಅಕ್ಕುಂಜಿಯ ವಿಷಯ ಎತ್ತಿದರೆ ಸಭೆಯಲ್ಲಿ ಎಲ್ಲರೂ ಸೀಲಿಂಗ್ ಫ್ಯಾನ್ ನೋಡುತ್ತಾರೆ. ಕುಂದಾಪುರ ತಾಲ್ಲೂಕು ಸಿದ್ದಾಪುರ ಬಳಿಯ ಜನ್ಸಾಲೆಯವರು, ಅಡಿಕೆ ತೋಟದ ಮನೆಯ ಮಗಳು. 2010ರ ಅಕ್ಟೋಬರ್‌ನಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಜೊತೆ ಇದೇ 4x400 ರಿಲೇಯ ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ನಂತರ ಕಾಮನ್‌ವೆಲ್ತ್ ಓಟದಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಮರುತಿಂಗಳು ಗುವಾಂಗ್‌ಝೌನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಒಂದು ಚಿನ್ನ, ರಿಲೇಯಲ್ಲಿ ಇನ್ನೊಂದು. ಆಗ ಮುಂಬಯಿಯಿಂದ ಉಡುಪಿಯ ತನಕ ಹಾರ ತುರಾಯಿ ಹಿಡಿದು ನಿಲ್ಲದ ಸಂಘ ಯಾವುದು? 2011ರಲ್ಲಿ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್‌ನಲ್ಲಿ ಕಲಬೆರಕೆ ಇತ್ತು ಎಂದು ಹುಡುಗಿಯರು ವಾದಿಸಿದರು. ಉಕ್ರೇನಿನ ಆ ಕೋಚನ್ನು ಸರ್ಕಾರ ಮನೆಗೆ ಕಳಿಸಿತು. ಇಲ್ಲಿಯ ಸಮಿತಿ ಒಂದು ವರ್ಷದ ನಿಷೇಧ ಹಾಕಿತು, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಹೋಯಿತು. ಪೂವಮ್ಮರ ಮೇಲೂ ಮುಂದೆ ಎರಡು ವರ್ಷದ ನಿಷೇಧ ಬಿದ್ದದ್ದುಂಟು, ಅದನ್ನು ಮುಚ್ಚಿಟ್ಟು ಬರೆಯಲು ನಾನು ತಯಾರಿಲ್ಲ. ಶಿಕ್ಷೆ ಶಿಕ್ಷೆಯೇ. ಆದರೆ ಶಿಕ್ಷೆ ಮುಗಿಸಿ ಮತ್ತೆ ಟ್ರ್ಯಾಕಿಗೆ ಬಂದ ಹುಡುಗಿಯನ್ನು ಮಾತನಾಡಿಸಲೂ ನಮಗೆ ಬಾಯಿ ಬರಲಿಲ್ಲವಲ್ಲ. ಹಾರ ಹಾಕಿದ ಫೋಟೋಗಳು ಮಾತ್ರ ಹಳೆಯ ಸಂಚಿಕೆಗಳಲ್ಲಿ ಹಾಗೆಯೇ ಉಂಟು.

ಇನ್ನು ನಮ್ಮ ಮನೆಯ ಹುಡುಗಿಯರು. ಸಂಘದ ವಾರ್ಷಿಕ ಕ್ರೀಡಾಕೂಟದಲ್ಲಿ ಗಂಡುಮಕ್ಕಳಿಗೆ ಹೊನಲು ಬೆಳಕಿನ ಕಬಡ್ಡಿ, ಬಾಕ್ಸ್ ಕ್ರಿಕೆಟ್, ಹಗ್ಗಜಗ್ಗಾಟ. ಹುಡುಗಿಯರಿಗೆ ಲಿಂಬೆ ಚಮಚ, ಸಂಗೀತ ಕುರ್ಚಿ, ರಂಗೋಲಿ. ರಂಗೋಲಿ ಯಾವ ಕ್ರೀಡೆಯೆಂದು ನಾನು ಕೇಳಿದರೆ, "ಹೆಸರೇ ಬರುವುದಿಲ್ಲ ಮಾರಾಯ್ರೆ, ಏನು ಮಾಡುವುದು" ಎಂಬ ಉತ್ತರ. ಅದು ಸುಳ್ಳಲ್ಲ, ನಿಜಕ್ಕೂ ಹೆಸರು ಬರುವುದಿಲ್ಲ. ಆರನೆಯ ಕ್ಲಾಸಿನ ತನಕ ಸೊಸೈಟಿಯ ಅಂಗಳದಲ್ಲಿ ಹುಡುಗರನ್ನು ಹಿಂದೆ ಹಾಕಿ ಓಡುವ ಹುಡುಗಿ ಎಂಟನೆಯ ಕ್ಲಾಸಿಗೆ ಬರುವಾಗ ಟ್ಯೂಷನ್ನಿಗೆ ಹೋಗಿರುತ್ತಾಳೆ. ಬಿಸಿಲಿಗೆ ಕಪ್ಪಾಗುತ್ತಾಳೆ, ಮೊಣಕಾಲಿಗೆ ಕಲೆ ಬಿದ್ದರೆ ನಾಳೆ ಯಾರು ಕೇಳುತ್ತಾರೆ, ಅಭ್ಯಾಸ ಮುಗಿಸಿ ಬರುವಾಗ ಕತ್ತಲಾಗುತ್ತದೆ. ಹೀಗೆ ಹೇಳುವುದು ಅಪ್ಪಂದಿರಲ್ಲ, ನಾವೇ, ಅಮ್ಮಂದಿರು. ಎಳವೆಯಲ್ಲಿ ಕಾಪುವಿನ ಕಡಲ ಬದಿಯಲ್ಲಿ ಹುಡುಗರ ಸಮಕ್ಕೆ ಕಬಡ್ಡಿ ಆಡಿದವರೂ ಈಗ ಇದನ್ನೇ ಹೇಳುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ಕೃಷ್ಣಮಠ ತೋರಿಸುತ್ತೇವೆ, ಕಾರ್ಕಳದ ಗೊಮ್ಮಟ ತೋರಿಸುತ್ತೇವೆ, ಕಾಪುವಿನ ದೀಪಸ್ತಂಭ ಹತ್ತಿಸುತ್ತೇವೆ, ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಸೆಲ್ಫಿ ತೆಗೆಯುತ್ತೇವೆ. ಅಜ್ಜರಕಾಡು ಸ್ಟೇಡಿಯಂ ಅದೇ ಉಡುಪಿ ಪೇಟೆಯೊಳಗೇ ಉಂಟು. ಸಿಂಥೆಟಿಕ್ ಟ್ರ್ಯಾಕ್ ಹಾಕಿದ್ದಾರೆ, ಬೆಳಿಗ್ಗೆ ಹೋದರೆ ಊರ ಹುಡುಗಿಯರು ಸ್ಪೈಕ್ಸ್ ಕಟ್ಟಿಕೊಂಡು ಓಡುವುದು ಕಾಣುತ್ತದೆ. ಒಂದು ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋಗಿ, ಖರ್ಚಿಲ್ಲ. ಮಾರಿಗುಡಿಯ ಬ್ರಹ್ಮಕಲಶಕ್ಕೆ ನಮ್ಮಲ್ಲಿ ಕೈಯೆತ್ತಿ ಕೊಟ್ಟವರು ತುಂಬ ಜನ, ಅಮ್ಮನ ಸೇವೆ, ಕೊಡಬೇಕಾದ್ದೇ. ಓಡುವ ಹುಡುಗಿಗೆ ಒಂದು ಜೊತೆ ಶೂ ಕೊಡಿಸುವ ಪ್ರಸ್ತಾಪಕ್ಕೆ ಮಾತ್ರ ಉಪಸಮಿತಿ ರಚಿಸೋಣ ಎಂದರು. ಉಪಸಮಿತಿ ಇನ್ನೂ ಸೇರಿಲ್ಲ.

ಏಷ್ಯನ್ ಗೇಮ್ಸ್ 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರ ತನಕ ಜಪಾನಿನ ಐಚಿ–ನಗೋಯಾದಲ್ಲಿ. ಹೆಂಗಸರ ಕಬಡ್ಡಿಯೂ ರಿಲೇಯೂ ಉಂಟು. ಆ ದಿನಗಳಿಗೆ ಹಾಲ್ ಮತ್ತು ಪರದೆ ಬೇಕೆಂದು ಮಹಿಳಾ ವಿಭಾಗ ಈಗಲೇ ಅರ್ಜಿ ಕೊಟ್ಟಿದೆ. ಕ್ರೀಡಾಕೂಟದ ಫಾರ್ಮ್ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಹುಡುಗಿಯರ ಕಬಡ್ಡಿಗೆ ಏಳು ಹೆಸರು ಬೇಕು. ಇದನ್ನು ಬರೆಯುವ ಹೊತ್ತಿಗೆ ಬಂದಿರುವುದು ನಾಲ್ಕು, ಅದರಲ್ಲಿ ಒಂದು ನನ್ನ ಮಗಳದ್ದು. ಬಾಕಿ ಮೂರು ಹೆಸರು ನಿಮ್ಮ ಮನೆಗಳಿಂದ ಬರಲಿ. ಫಾರ್ಮ್ ತುಂಬಿಸಿ ನನ್ನ ಕೈಗೇ ಕೊಡಿ, ಕಚೇರಿಯಲ್ಲಿ ಇಟ್ಟು ಹೋಗಬೇಡಿ.