ತೋಡಿಯ ಗಾಂಧಾರ ಮತ್ತು ಮೌಸಿನ ತುದಿ

“ಈಗಿನ ಹಾಡುಗಳಲ್ಲಿ ಜೀವವಿಲ್ಲ, ಎಲ್ಲಾ ಕಂಪ್ಯೂಟರ್ ಸಂಗೀತ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಬಹುಶಃ ಆಡಿಯೂ ಇದ್ದೇವೆ. ಮಾಟುಂಗಾದಲ್ಲಿ ಕಛೇರಿ ಕೇಳಿ ಹೊರಬಂದವರೂ ಇದನ್ನೇ ಹೇಳುತ್ತಾರೆ, ಹೈದರಾಬಾದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ರೇಡಿಯೋ ಕೇಳುವವರೂ ಇದನ್ನೇ ಹೇಳುತ್ತಾರೆ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಜೀವವಿಲ್ಲದ ಹಾಡುಗಳು ಬೇಕಾದಷ್ಟು ಬರುತ್ತಿವೆ. ಆದರೆ ತಪ್ಪೆಲ್ಲ ಯಂತ್ರದ್ದು ಎಂಬ ಉಳಿದರ್ಧವನ್ನು ನಾನು ಒಪ್ಪುವುದಿಲ್ಲ. ಪರದೆಯ ಮುಂದೆ ಕುಳಿತು ಸ್ವರ ತಿದ್ದುವ, ಏರಿಳಿತದ ಗೆರೆ ಎಳೆಯುವ, ಚಿತ್ರಕ್ಕೆ ಸಂಗೀತವನ್ನು ಹೊಂದಿಸುವ ಕೆಲಸವನ್ನು ನಾವು ಗುಮಾಸ್ತಿಕೆ ಎಂದು ತಿಳಿದಿದ್ದೇವೆ. ಅದು ಸಂಗೀತದ್ದೇ ಕೆಲಸ. ಅದಕ್ಕೆ ಬೇಕಾದ ಸಮಯ, ಸಂಭಾವನೆ ಮತ್ತು ಹೆಸರನ್ನು ಕೊಡದೆ ಹಾಡಿಗೆ ಜೀವ ಬರಲಿಲ್ಲವೆಂದು ದೂರುವುದು, ಬಿತ್ತದೆ ಬೆಳೆ ಕೇಳಿದ ಹಾಗೆ. ಹೇಗೆಂದು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ಸ್ವರಕ್ಕೊಂದು ಸಂಖ್ಯೆ

ಕನ್ನಡದಲ್ಲಿ ‘ಮಿಡಿ’ ಎಂದರೆ ತಂತಿ ಮೀಟುವುದು, ಹೃದಯ ಬಡಿಯುವುದು. ಸಂಗೀತದ ಸಾಫ್ಟ್‌ವೇರಿನ ಮಿಡಿಗೂ ಇದಕ್ಕೂ ನಂಟಿಲ್ಲ. ಅದು ಶಬ್ದವೂ ಅಲ್ಲ, ಆಜ್ಞೆಗಳ ಪಟ್ಟಿ. ಯಾವ ಕೀಲಿಯನ್ನು ಯಾವಾಗ ಒತ್ತಬೇಕು, ಎಷ್ಟು ಜೋರಾಗಿ ಒತ್ತಬೇಕು, ಯಾವಾಗ ಬಿಡಬೇಕು, ಇಷ್ಟನ್ನೇ ಅದು ಹೇಳುತ್ತದೆ. ಆ ಆಜ್ಞೆಯನ್ನು ಪಾಲಿಸಿ ಸದ್ದು ಹೊರಡಿಸುವುದು ಸಿಂಥಸೈಜರ್ ಅಥವಾ ಕಂಪ್ಯೂಟರಿನೊಳಗಿನ ವಾದ್ಯ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಪ್ರದರ್ಶನದಲ್ಲಿ ಅಲ್ಲಿನ ಒಂದು ಕಂಪನಿಯ ಪ್ರಾಫೆಟ್-600 ವಾದ್ಯವನ್ನೂ ಜಪಾನಿನ ರೋಲ್ಯಾಂಡ್ ಕಂಪನಿಯ ಜುಪಿಟರ್-6 ವಾದ್ಯವನ್ನೂ ಒಂದು ತಂತಿಯಿಂದ ಜೋಡಿಸಿ, ಒಂದರಲ್ಲಿ ನುಡಿಸಿದ್ದು ಇನ್ನೊಂದರಲ್ಲೂ ಕೇಳುವಂತೆ ಮಾಡಿ ತೋರಿಸಿದರು. ಪೈಪೋಟಿಯ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದ್ದು ದೊಡ್ಡ ವಿಷಯ. ಇದರ ಹಿಂದಿದ್ದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ ಮೂವತ್ತು ವರ್ಷಗಳ ನಂತರ, 2013ರಲ್ಲಿ, ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು.

ಈ ಭಾಷೆ ಹುಟ್ಟಿದ್ದು ಕೀಲಿಮಣೆಯ ಮನೆಯಲ್ಲಿ. ಅದರಲ್ಲಿ 128 ಸ್ವರಗಳಿವೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. 60 ಎಂದರೆ ಪಿಯಾನೋದ ನಡುವಿನ ಸಿ, 61 ಅದರ ಪಕ್ಕದ ಕಪ್ಪು ಕೀಲಿ. ಅವೆರಡರ ನಡುವೆ ಇನ್ನೊಂದು ಸ್ವರವಿಲ್ಲ. ನಮ್ಮ ಸಂಗೀತ ಬಾಳುವುದೇ ಆ ನಡುವಿನಲ್ಲಿ ಎಂಬುದು ಸರಿಯಾದ ಆಕ್ಷೇಪ. ಆದರೆ ಅಲ್ಲಿಗೇ ನಿಲ್ಲಬಾರದು. ಸ್ವರವನ್ನು ಮೇಲಕ್ಕೂ ಕೆಳಕ್ಕೂ ಬಾಗಿಸಲು ಪಿಚ್ ಬೆಂಡ್ ಎಂಬ ಇನ್ನೊಂದು ಆಜ್ಞೆ ಮೊದಲಿನಿಂದಲೂ ಇದೆ. ಅದರಲ್ಲಿ 16,384 ಮೆಟ್ಟಿಲುಗಳಿವೆ.

ಕರ್ನಾಟಕ ಸಂಗೀತದ ತೋಡಿಯನ್ನು ತೆಗೆದುಕೊಳ್ಳಿ. ಷಡ್ಜವನ್ನು 60ರಲ್ಲಿ ಇಟ್ಟರೆ ಶುದ್ಧ ರಿಷಭ 61, ಸಾಧಾರಣ ಗಾಂಧಾರ 63, ಶುದ್ಧ ಮಧ್ಯಮ 65. ಆದರೆ 63ರಲ್ಲಿ ಒಂದು ಉದ್ದನೆಯ ಪಟ್ಟಿ ಎಳೆದುಬಿಟ್ಟರೆ ಅದು ತೋಡಿಯಾಗುವುದಿಲ್ಲ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ. ಅದು ರಿಷಭದ ಕಡೆಗೂ ಮಧ್ಯಮದ ಕಡೆಗೂ ತೂಗುತ್ತದೆ, ಆ ತೂಗಾಟವೇ ಗಾಂಧಾರ. ಸಾಮಾನ್ಯವಾಗಿ ಪಿಚ್ ಬೆಂಡಿನ ಮೂಲ ವ್ಯಾಪ್ತಿ ಎರಡೂ ಕಡೆ ಎರಡೆರಡು ಅರ್ಧಸ್ವರ. 63ರಿಂದ ಕೆಳಗೆ ಎರಡು ಎಂದರೆ 61, ಮೇಲೆ ಎರಡು ಎಂದರೆ 65. ಅಂದರೆ ತೋಡಿಯ ಗಾಂಧಾರಕ್ಕೆ ಬೇಕಾದಷ್ಟೇ ಅಂಗಳ, ಒಂದೊಂದು ಅರ್ಧಸ್ವರಕ್ಕೂ 4,096 ಮೆಟ್ಟಿಲು. ಷಡ್ಜದಿಂದ ತಾರಷಡ್ಜಕ್ಕೆ ಜಾರು ಬೇಕೆಂದು ವ್ಯಾಪ್ತಿಯನ್ನು ಹನ್ನೆರಡಕ್ಕೆ ಏರಿಸಿದರೂ ಅರ್ಧಸ್ವರಕ್ಕೆ 680ಕ್ಕಿಂತ ಹೆಚ್ಚು ಮೆಟ್ಟಿಲು ಉಳಿಯುತ್ತವೆ. ಇಷ್ಟು ಸಣ್ಣ ಹೆಜ್ಜೆಯನ್ನು ಎಂಥ ಕಿವಿಯೂ ಹಿಡಿಯಲಾರದು. ಯಂತ್ರಕ್ಕೆ ಗಮಕ ಗೊತ್ತಿಲ್ಲ, ಒಪ್ಪಿದೆ. ಗಮಕ ಬರೆಯಲು ಅದರಲ್ಲಿ ಜಾಗವಿಲ್ಲ ಎಂಬುದು ಮಾತ್ರ ಸುಳ್ಳು.

ಹಾಗಾದರೆ ಎಲ್ಲಿ ಕೆಡುತ್ತದೆ?

ಮೊದಲು ಕೆಡುವುದು ಕಣ್ಣಿನಲ್ಲಿ. ಎಡಿಟರ್ ತೆರೆದರೆ ಸ್ವರಗಳು ಬಣ್ಣದ ಇಟ್ಟಿಗೆಗಳಂತೆ ದೊಡ್ಡದಾಗಿ ಕಾಣುತ್ತವೆ. ಬಾಗು ತೋರಿಸುವ ಗೆರೆ ಕೆಳಗೊಂದು ಕಿರಿದಾದ ಪಟ್ಟಿಯಲ್ಲಿರುತ್ತದೆ, ಎಷ್ಟೋ ಸಲ ಅದನ್ನು ಹುಡುಕಿ ತೆರೆಯಬೇಕು. ಸ್ವರ ಮುಖ್ಯ, ಬಾಗು ಅಲಂಕಾರ ಎಂಬ ಒಂದು ಸಂಗೀತದ ನಂಬಿಕೆ ಆ ಪರದೆಯಲ್ಲಿದೆ. ಹೊಸದಾಗಿ ಕಲಿಯುವ ಹುಡುಗ ಹುಡುಗಿಯರು ಅದನ್ನೇ ಸಂಗೀತದ ನಿಯಮ ಎಂದುಕೊಳ್ಳುತ್ತಾರೆ. ಮೊದಲು ಇಟ್ಟಿಗೆ ಜೋಡಿಸಿ, ಸಮಯ ಉಳಿದರೆ ಒಂದಷ್ಟು ಅಲುಗಾಡಿಸುತ್ತಾರೆ.

ಎರಡನೆಯದು ಕೈಯಲ್ಲಿ. ಅಲೆ ಎಳೆಯುವ ಉಪಕರಣದಿಂದ ಒಂದೇ ಅಳತೆಯ ಅಲೆ ಎಳೆದರೆ ಆಂಬುಲೆನ್ಸ್ ಸೈರನ್ ಆಗುತ್ತದೆಯೇ ಹೊರತು ಗಮಕವಾಗುವುದಿಲ್ಲ. ಕಂಪಿತ ಒಂದು ತುದಿಯಲ್ಲಿ ತುಸು ಹೆಚ್ಚು ತಂಗುತ್ತದೆ, ಇನ್ನೊಂದು ತುದಿಯನ್ನು ಸವರಿ ಬರುತ್ತದೆ. ಕಾಲ ಬದಲಾದರೆ ಗಮಕವೂ ಬದಲಾಗುತ್ತದೆ. ಎರಡನೆಯ ಕಾಲದಲ್ಲಿ ಹಾಡುವ ಗಾಯಕಿ ಮೊದಲ ಕಾಲದ ಎಲ್ಲ ತೂಗುಗಳನ್ನೂ ಇಮ್ಮಡಿ ವೇಗದಲ್ಲಿ ತುರುಕುವುದಿಲ್ಲ, ತೂಗುಗಳನ್ನೇ ಕಡಿಮೆ ಮಾಡುತ್ತಾಳೆ. ಸಾಫ್ಟ್‌ವೇರಿನಲ್ಲಿ ಆ ಸಾಲನ್ನು ಅರ್ಧಕ್ಕೆ ಕುಗ್ಗಿಸಿದರೆ ಗೆರೆಗಳೂ ಅಷ್ಟೇ ಕುಗ್ಗಿ, ವೀಣೆಗೆ ಚಳಿಜ್ವರ ಬಂದ ಹಾಗೆ ಕೇಳುತ್ತದೆ. ಅಲ್ಲಿ ಪ್ರತಿ ಗೆರೆಯನ್ನೂ ಅಳಿಸಿ ಮತ್ತೆ ಬರೆಯಬೇಕು. ಬರೆಯುವವರಿಗೆ ಆ ವ್ಯತ್ಯಾಸ ಕಿವಿಯಲ್ಲಿ ಗೊತ್ತಿರಬೇಕು. ಗೊತ್ತಿಲ್ಲದವರು ಒಂದು ಗಾಂಧಾರ ಬರೆದು ಅದನ್ನೇ ಹತ್ತು ಕಡೆ ಅಂಟಿಸುತ್ತಾರೆ. ನನ್ನ ಪ್ರಕಾರ ನಾವು ‘ಕಂಪ್ಯೂಟರ್ ಸಂಗೀತ’ ಎಂದು ದೂರುವುದರ ಬಹುಪಾಲು ಈ ಅಂಟಿಸುವಿಕೆಯೇ.

ಮೂರನೆಯದೊಂದು ತಾಂತ್ರಿಕ ತೊಡಕು. ಹಳೆಯ ಮಿಡಿಯಲ್ಲಿ ಬಾಗುವುದು ಒಂದು ಸ್ವರವಲ್ಲ, ಇಡೀ ಚಾನೆಲ್. ಜೊತೆಗೆ ಶ್ರುತಿಯ ಸ್ವರವೂ ಅದೇ ಚಾನೆಲ್ಲಿನಲ್ಲಿದ್ದರೆ ಗಾಂಧಾರ ತೂಗಿದಾಗ ಷಡ್ಜವೂ ತೂಗುತ್ತದೆ! ಬೇರೆ ಬೇರೆ ಚಾನೆಲ್ಲಿಗೆ ಹಂಚುವುದು ಹಳೆಯ ಉಪಾಯ. 2018ರಲ್ಲಿ ಒಪ್ಪಿಗೆಯಾದ ಎಂಪಿಇ ಆ ಉಪಾಯವನ್ನೇ ಕ್ರಮಬದ್ಧಗೊಳಿಸಿತು. 2020ರಲ್ಲಿ ಬಂದ ಮಿಡಿ 2.0 ಪ್ರತಿ ಸ್ವರಕ್ಕೂ ತನ್ನದೇ ಬಾಗನ್ನು ಕೊಟ್ಟಿದೆ. ಎಲ್ಲ ವಾದ್ಯಗಳೂ ಇದನ್ನು ಇನ್ನೂ ಅರ್ಥಮಾಡಿಕೊಳ್ಳುವುದಿಲ್ಲ, ಆದರೆ ದಾರಿ ತೆರೆದಿದೆ.

ತಾಳದ ಕತೆಯೂ ಹೀಗೇ. ಕ್ವಾಂಟೈಜ್ ಎಂಬ ಗುಂಡಿ ಒತ್ತಿದರೆ ಆಚೀಚೆ ಬಿದ್ದ ಪೆಟ್ಟುಗಳೆಲ್ಲ ಹತ್ತಿರದ ಗೆರೆಗೆ ಹೋಗಿ ನಿಲ್ಲುತ್ತವೆ. ನಿಮಿಷಕ್ಕೆ 120 ಬಡಿತದ ಲಯದಲ್ಲಿ ಒಂದು ಬಡಿತಕ್ಕೆ 500 ಮಿಲಿಸೆಕೆಂಡು. ಅದರಲ್ಲಿ ಖಂಡ ನಡೆಯ ‘ತಕತಕಿಟ’ ನುಡಿಸಿದರೆ ಐದು ಪೆಟ್ಟುಗಳು 0, 100, 200, 300, 400ರಲ್ಲಿ ಬೀಳುತ್ತವೆ. ಎಡಿಟರಿನ ಗೆರೆಗಳು ನಾಲ್ಕರ ಲೆಕ್ಕದಲ್ಲಿದ್ದರೆ ಅವು ಇರುವುದು 0, 125, 250, 375ರಲ್ಲಿ. ಗುಂಡಿ ಒತ್ತಿದ ಕೂಡಲೇ ಮೂರನೆಯ ಮತ್ತು ನಾಲ್ಕನೆಯ ಪೆಟ್ಟುಗಳೆರಡೂ 250ಕ್ಕೆ ಹೋಗಿ ಒಂದರ ಮೇಲೊಂದು ಬೀಳುತ್ತವೆ. ಖಂಡ ಹೋಗಿ ಚತುರಶ್ರವಾಯಿತು. ತಪ್ಪು ಯಾರದು? ಐದರ ಗೆರೆಯನ್ನು ಹಾಕಿಕೊಳ್ಳಲು ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ಅವಕಾಶವಿದೆ, ಪೆಟ್ಟುಗಳನ್ನು ಪೂರ್ತಿ ಎಳೆಯದೆ ಅರ್ಧದಷ್ಟೇ ಗೆರೆಯತ್ತ ಸರಿಸುವ ಅವಕಾಶವೂ ಇದೆ. ಮೃದಂಗದವರ ಕೈ ಯಾರದೆಂದು ಗುರುತಿಸುವುದು ಆ ಹತ್ತಿಪ್ಪತ್ತು ಮಿಲಿಸೆಕೆಂಡುಗಳ ಆಚೀಚೆಯಿಂದಲೇ. ಯಾವುದು ತಪ್ಪು, ಯಾವುದು ಲಯದ ಸೊಗಸು ಎಂದು ತೀರ್ಮಾನಿಸುವುದು ಸಂಗೀತದ ತೀರ್ಮಾನ.

ಆಟೊಮೇಶನ್ ಬಗ್ಗೆ ಒಂದೇ ಮಾತು. ಸದ್ದಿನ ಏರಿಳಿತವನ್ನು ಗೆರೆಯಾಗಿ ಬರೆದಿಡುವ ಈ ಸೌಲಭ್ಯ ಬರುವ ಮೊದಲು ಮಿಕ್ಸಿಂಗ್ ಮಾಡುವವರು ಫೇಡರ್ ಮೇಲೆ ಬೆರಳಿಟ್ಟು ಹಾಡಿನುದ್ದಕ್ಕೂ ಕೇಳುತ್ತಾ ಸರಿಸುತ್ತಿದ್ದರು. ಈಗ ಎರಡು ಚುಕ್ಕಿ ಇಟ್ಟು ನಡುವೆ ನೇರ ಗೆರೆ ಎಳೆದರೆ ಮುಗಿಯಿತು. ಕೊಳಲಿನ ಉಸಿರನ್ನೂ ಹಾಗೇ ಮಾಡುವವರಿದ್ದಾರೆ. ಉಸಿರು ಹೆಚ್ಚಿದಾಗ ಸದ್ದು ಮಾತ್ರವಲ್ಲ, ನಾದದ ಬಣ್ಣವೂ ಬದಲಾಗುತ್ತದೆ. ಅದನ್ನು ವಾದ್ಯದೊಳಗೇ ಬರೆಯಬೇಕು, ಹೊರಗಿನ ವಾಲ್ಯೂಮಿನಲ್ಲಲ್ಲ. ಇದೂ ಕಿವಿಯ ಕೆಲಸವೇ.

ಯಂತ್ರಕ್ಕೆ ಗಮಕ ಕಲಿಸಿದವರು

“ಗುರುಮುಖದಿಂದ ಬರಬೇಕಾದ್ದನ್ನು ಮೌಸಿನಿಂದ ಬರೆಯುವುದೇ?” ಎಂದು ಕೇಳುವವರಿಗೆ ಹಳೆಯದೊಂದು ಜಗಳವನ್ನು ನೆನಪಿಸಬೇಕು. ಗಮಕ ಬಾರದ ವಿದೇಶಿ ಪೆಟ್ಟಿಗೆ ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿ, ದಶಕಗಳ ಕಾಲ ದೂರವಿಟ್ಟಿತು. ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಆದರೂ ನಮ್ಮ ಕಂಪನಿ ನಾಟಕಗಳು ಅದನ್ನು ಬಿಡಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ ಅಂಥವರು ಅದೇ ಪೆಟ್ಟಿಗೆಯಲ್ಲಿ ರಾಗ ಅರಳಿಸಿದರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೊಫೋನನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡು ಕಛೇರಿಯ ವೇದಿಕೆಗೆ ತಂದರು. ಯಾವ ವಾದ್ಯವೂ ಗಮಕ ಕಲಿತು ಹುಟ್ಟಿ ಬರಲಿಲ್ಲ, ಹಟ ಹಿಡಿದ ಸಂಗೀತಗಾರರು ಕಲಿಸಿದರು. ಗುರುಮುಖದಿಂದ ಕಲಿತವರು ಎಡಿಟರಿನ ಮುಂದೆ ಕೂರದಿದ್ದರೆ ಆ ಕುರ್ಚಿಯಲ್ಲಿ ಕಲಿಯದವರೇ ಕೂರುತ್ತಾರೆ.

ಹಾಗೆಂದು ವೈಣಿಕರನ್ನು ಕರೆಸಬಹುದಾದ ಕಡೆ ಮಿಡಿ ವೀಣೆ ಸಾಕು ಎಂದು ನಾನು ಹೇಳುತ್ತಿಲ್ಲ. ಬರೆದ ಗಮಕ ಎಷ್ಟು ಚೆನ್ನಾಗಿದ್ದರೂ ಪ್ರತಿ ಸಲ ಅದೇ ಆಗಿರುತ್ತದೆ. ಮನೋಧರ್ಮ ಅದಕ್ಕಿಲ್ಲ. ಬರೆಯಲೇಬೇಕಾದ ಕಡೆ ಚೆನ್ನಾಗಿ ಬರೆಯೋಣ ಎಂಬುದಷ್ಟೇ ನನ್ನ ವಾದ.

ರಾತ್ರಿಯ ಕೂಲಿ

ಈಗ ಸಿನಿಮಾ ಮತ್ತು ಧಾರಾವಾಹಿಗಳ ಹಿನ್ನೆಲೆ ಸಂಗೀತಕ್ಕೆ ಬರೋಣ. ಸಾಫ್ಟ್‌ವೇರಿನಲ್ಲಿ ದೃಶ್ಯವೂ ಒಂದು ಟ್ರ್ಯಾಕಿನಲ್ಲಿ ಕುಳಿತಿರುತ್ತದೆ. ಅದು ನಡೆಯುವುದು ಗಡಿಯಾರದ ಸೆಕೆಂಡಿನಲ್ಲಿ, ಸಂಗೀತ ನಡೆಯುವುದು ಲಯದ ಬಡಿತದಲ್ಲಿ. ನಿಮಿಷಕ್ಕೆ 96 ಬಡಿತದ ಲಯದಲ್ಲಿ 64 ಬಡಿತ ಮುಗಿಯಲು 40 ಸೆಕೆಂಡು ಬೇಕು. ಸರಿಯಾಗಿ ಅಲ್ಲಿ ಬಾಗಿಲು ತೆರೆಯುತ್ತದೆ, ಸಂಗೀತ ಸಿಡಿಯುತ್ತದೆ ಎಂದಿಟ್ಟುಕೊಳ್ಳಿ. “ಇನ್ನೂ ಒಂಚೂರು ಫಾಸ್ಟ್ ಇರಲಿ” ಎಂದು ನಿರ್ದೇಶಕರು ಹೇಳಿದರು, ಲಯ 100 ಆಯಿತು. 64 ಬಡಿತ 38.4 ಸೆಕೆಂಡಿಗೇ ಮುಗಿಯಿತು. ಬಾಗಿಲು ತೆರೆಯುವ 38 ಫ್ರೇಮುಗಳ ಮುಂಚೆಯೇ ಸಂಗೀತ ಬೆಚ್ಚಿಬಿತ್ತು! ಅದನ್ನು ಮತ್ತೆ ಹೊಂದಿಸಬೇಕು. ಅಷ್ಟರಲ್ಲಿ ಹೊಸ ಕಟ್ ಬರುತ್ತದೆ, ನಡುವೆ ನಾಲ್ಕು ಸೆಕೆಂಡು ತೆಗೆದಿರುತ್ತಾರೆ. ಮುಂದಿನ ಪ್ರತಿ ಗುರುತೂ, ಪ್ರತಿ ಏರಿಳಿತದ ಗೆರೆಯೂ ಜಾಗ ಬದಲಿಸಬೇಕು. 24 ಫ್ರೇಮಿನ ದೃಶ್ಯವನ್ನು ಯಾರೋ 25ರ ವೇಗಕ್ಕೆ ಓಡಿಸಿ ಕಳಿಸಿದ್ದರಂತೂ 100 ಸೆಕೆಂಡಿನ ದೃಶ್ಯ 96ಕ್ಕೇ ಮುಗಿದು ಎಲ್ಲವೂ ತಪ್ಪುತ್ತದೆ.

ಈ ಕೆಲಸ ನಡೆಯುವುದು ಬಹುತೇಕ ರಾತ್ರಿ, ಬಿಡುಗಡೆಯ ಅಥವಾ ಪ್ರಸಾರದ ಹಿಂದಿನ ದಿನಗಳಲ್ಲಿ. ಮಾಡುವವರಿಗೆ ‘ಪ್ರೋಗ್ರಾಮರ್’ ಎಂದು ಹೆಸರು. ಚೆನ್ನೈ, ಮುಂಬೈ, ಹೈದರಾಬಾದುಗಳಲ್ಲಿ ಈ ಕುರ್ಚಿಗಳಲ್ಲಿ ಕುಳಿತ ಕನ್ನಡದ ಮಕ್ಕಳೂ ಇದ್ದಾರೆ, ಈ ಪತ್ರ ಓದುತ್ತಿರುವವರಲ್ಲೂ ಕೆಲವರಿರಬಹುದು. ಕನ್ನಡ ಚಿತ್ರಗಳ ಹಾಡುಗಳು ಮದ್ರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದಲ್ಲಿ ವಾದ್ಯಗಾರರಿಗೆ ಕಾಲ್‌ಶೀಟ್ ಲೆಕ್ಕ ಇತ್ತು, ಹೊತ್ತು ಮೀರಿದರೆ ಕೇಳುವ ಬಾಯಿಯಿತ್ತು. ಈಗ ಒಬ್ಬರೇ ಕೂತು ಪಿಟೀಲು, ಕೊಳಲು, ತಬಲ ಎಲ್ಲ ಬರೆಯುತ್ತಾರೆ. ಇಡಿಗಂಟಾಗಿ ಒಂದು ಮೊತ್ತ, ತಿದ್ದುಪಡಿಗೆ ಮಿತಿಯಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾದಾಗ ಹಾಡು ಬರೆದವರ, ರಾಗ ಹಾಕಿದವರ ಗೌರವಧನದ ಹಕ್ಕು ಗಟ್ಟಿಯಾಯಿತು. ಮೌಸಿನಲ್ಲಿ ವೀಣೆ ಬರೆದವರು ವಾದ್ಯಗಾರರೋ, ಅಲ್ಲವೋ? ಈ ಪ್ರಶ್ನೆಯನ್ನು ನಮ್ಮ ಚಿತ್ರರಂಗ ಗಟ್ಟಿಯಾಗಿ ಕೇಳಿಕೊಂಡಿಲ್ಲ. ಕೇಳಿಕೊಳ್ಳದಿರುವುದು ದುಡ್ಡು ಕೊಡುವವರಿಗೆ ಅನುಕೂಲ.

ಆಗಬೇಕಾದದ್ದು ಮೂರು. ಒಂದು, ಒಪ್ಪಂದದಲ್ಲಿ ತಿದ್ದುಪಡಿಗಳ ಸಂಖ್ಯೆ ಬರೆದಿರಬೇಕು. ಚಿತ್ರದ ಕಟ್ ಅಂತಿಮವಾದ ಮೇಲೆ ಬರುವ ಪ್ರತಿ ಬದಲಾವಣೆಗೂ ಬೇರೆ ದುಡ್ಡು. ಬಜೆಟ್ ಇಲ್ಲ ಎನ್ನುವ ನಿರ್ಮಾಪಕರು ಮಿತಿ ಬಂದ ಮೇಲೆ ಯೋಚಿಸಿ ಕಟ್ ಮಾಡುತ್ತಾರೆ, ಅವರಿಗೂ ಉಳಿತಾಯ. ಎರಡು, ನಮ್ಮ ಸಂಗೀತ ಕಾಲೇಜುಗಳಲ್ಲಿ ಒಂದು ಕೀಲಿಮಣೆ, ಒಂದು ಕಂಪ್ಯೂಟರ್ ಇಟ್ಟು, ವೀಣೆ ಕಲಿತ ಹುಡುಗಿಗೆ ಗಾಂಧಾರ ಬರೆಯಲು ಕಲಿಸಬೇಕು. ತಾನು ನುಡಿಸುವುದರ ಗೆರೆ ಪರದೆಯಲ್ಲಿ ಕಂಡರೆ ಅವಳ ವೀಣೆಗೂ ಲಾಭವೇ. ಮೂರು, ಹೆಸರು. ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಜಾಗ ಸಾಲದು ಎಂಬ ನೆಪವಿತ್ತು. ಈಗಿನ ಆ್ಯಪುಗಳಲ್ಲಿ ಜಾಗಕ್ಕೆ ಬರವಿಲ್ಲ.

ಮೂರನೆಯದರಲ್ಲಿ ನಮ್ಮ ಕೈಯೂ ಇದೆ. ಇಷ್ಟವಾದ ಹಾಡಿನ ಕೆಳಗೆ ಗಾಯಕರನ್ನು ಹೊಗಳಿ ಬರೆಯುವಾಗ “ಪ್ರೋಗ್ರಾಮಿಂಗ್ ಯಾರದು?” ಎಂದು ಇನ್ನೊಂದು ಸಾಲು ಸೇರಿಸಿ. ಒಬ್ಬರು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ನೂರು ಜನ ಕೇಳಿದರೆ ಕಂಪನಿಯವರು ಹೆಸರು ಹುಡುಕಿ ಹಾಕುತ್ತಾರೆ. ತನ್ನ ಹೆಸರು ಅಚ್ಚಾಗುತ್ತದೆ ಎಂದು ತಿಳಿದವರು ಒಂದೇ ಗಾಂಧಾರವನ್ನು ಹತ್ತು ಕಡೆ ಅಂಟಿಸಲು ಹಿಂಜರಿಯುತ್ತಾರೆ.