ವಾಲ್ವ್ ಸ್ಪ್ರಿಂಗಿಗೂ ವಯಸ್ಸಾಗುತ್ತದೆ

ಕುರ್ಲಾದ ಸಿಎಸ್‌ಟಿ ರಸ್ತೆಗೆ ಬರುವ ಕಾರುಪ್ರಿಯರು ಕೇಳುವುದು ಅಲಾಯ್ ವೀಲ್, ಸೈಲೆನ್ಸರ್, ಏರ್ ಫಿಲ್ಟರ್. ನನ್ನ ಹಾಗೆ ಹಳೆಯ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡು ಅದಕ್ಕೆ ಇನ್ನಷ್ಟು ಕಸುವು ತುಂಬಲು ಹೊರಟವರೂ ವಾಲ್ವ್ ಸ್ಪ್ರಿಂಗಿನ ಮಾತೆತ್ತುವುದು ಅಪರೂಪ. ಎಂಜಿನ್ ಉಳಿಯುವುದು ಮಾತ್ರ ಅದರಿಂದಲೇ.

ಕ್ಯಾಮ್ ವಾಲ್ವನ್ನು ತೆರೆಯುತ್ತದೆ, ಅಷ್ಟೇ. ಮುಚ್ಚುವ ಕೆಲಸ ಸ್ಪ್ರಿಂಗಿನದು. 7,000 ಆರ್‌ಪಿಎಂನಲ್ಲಿ ಪ್ರತಿ ವಾಲ್ವೂ ಸೆಕೆಂಡಿಗೆ ಸುಮಾರು 58 ಸಲ ತೆರೆದು ಮುಚ್ಚಬೇಕು. ಬಿಸಿಗೆ, ಬಳಕೆಗೆ ಸ್ಪ್ರಿಂಗ್ ಸೋತಾಗ ವಾಲ್ವ್ ಮುಚ್ಚುವುದು ತಡವಾಗುತ್ತದೆ. ಇದೇ ವಾಲ್ವ್ ಫ್ಲೋಟ್. ಮೊದಲು ಮೇಲಿನ ಆರ್‌ಪಿಎಂನಲ್ಲಿ ಎಳೆತ ಕುಗ್ಗುತ್ತದೆ, ಮಿಸ್‌ಫೈರ್ ಆಗುತ್ತದೆ. ಇನ್ನೂ ಮೀರಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ನೇ ಮೇಲೆ ಬಂದು ವಾಲ್ವಿಗೆ ಬಡಿಯುತ್ತದೆ. ಲೋಹದ ಸ್ಪ್ರಿಂಗಿಗೆ ಈ ಮಿತಿ ಇರುವುದರಿಂದಲೇ ರೆನೋ 1986ರಲ್ಲಿ ಫಾರ್ಮುಲಾ ವನ್ ಎಂಜಿನ್ನಿಗೆ ಒತ್ತಿದ ಅನಿಲದಿಂದ ವಾಲ್ವ್ ಮುಚ್ಚುವ ವ್ಯವಸ್ಥೆ ತಂದಿತು.

ರೆವ್ ಲಿಮಿಟರ್ ಇದೆಯಲ್ಲ ಎನ್ನಬೇಡಿ. ಅದು ತಡೆಯುವುದು ಪೆಟ್ರೋಲನ್ನೋ ಕಿಡಿಯನ್ನೋ. ಖಂಡಾಲಾ ಘಾಟಿ ಇಳಿಯುವಾಗ ಐದರಿಂದ ನಾಲ್ಕಕ್ಕೆ ಬರಬೇಕಾದ ಗೇರು ತಪ್ಪಿ ಎರಡಕ್ಕೆ ಬಿದ್ದರೆ, ಎಂಜಿನ್ ತಿರುಗಿಸುವುದು ಚಕ್ರಗಳು. ಅಲ್ಲಿ ಲಿಮಿಟರ್ ಆಟ ನಡೆಯದು.

ಹಾಗೆಂದು ಸಿಕ್ಕಿದ ಗಟ್ಟಿ ಸ್ಪ್ರಿಂಗ್ ಹಾಕಿಸುವುದೂ ಸರಿಯಲ್ಲ. ಅತಿ ಬಿಗಿಯಾದರೆ ಕ್ಯಾಮ್, ರಾಕರ್ ಬೇಗ ಸವೆಯುತ್ತವೆ. ವಾಲ್ವನ್ನು ಹೆಚ್ಚು ತೆರೆಯುವ ಕ್ಯಾಮ್ ಹಾಕಿದರೆ ಸುರುಳಿಗಳು ಒಂದಕ್ಕೊಂದು ತಾಗಿ ಸಿಕ್ಕಿಬೀಳಬಹುದು. ಕ್ಯಾಮ್ ತಯಾರಕರು ಹೇಳಿದ ಸ್ಪ್ರಿಂಗನ್ನೇ ತನ್ನಿ.

ಅಳೆಯಬೇಕಾದದ್ದು ಮೂರು: ಬಿಚ್ಚಿದ ಸ್ಪ್ರಿಂಗಿನ ಉದ್ದ, ಅದು ನೆಟ್ಟಗೆ ನಿಲ್ಲುತ್ತದೆಯೇ ಎಂಬುದು, ಕೂರುವ ಎತ್ತರಕ್ಕೆ ಒತ್ತಿದಾಗ ಅದರ ಬಲ. ಮುಂಬೈ ಮಳೆಗಾಲದಲ್ಲಿ ಕಾರು ತಿಂಗಳುಗಟ್ಟಲೆ ನಿಂತಿದ್ದರೆ ತುಕ್ಕಿನ ಚುಕ್ಕೆಯನ್ನೂ ಹುಡುಕಿ. ಬಿರುಕು ಅಲ್ಲಿಂದಲೇ ಶುರುವಾಗಬಹುದು. ಒಂದು ಸೋತಿದ್ದರೂ ಇಡೀ ಸೆಟ್ ಬದಲಿಸಿ, ಜೊತೆಗೆ ವಾಲ್ವ್ ಸೀಲನ್ನೂ. ಹೆಡ್ ಇಳಿಸದೆ ಮಾಡುವುದಾದರೆ ಸ್ಪಾರ್ಕ್ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟು, ವಾಲ್ವ್ ಸಿಲಿಂಡರಿನೊಳಗೆ ಬೀಳದಂತೆ ಹಿಡಿಯಬೇಕು. ಕೊನೆಗೆ ಲಾಕ್‌ಗಳು ಕೂತಿವೆಯೇ ಎಂದು ಒಂದೊಂದನ್ನೂ ನೋಡಬೇಕು.

ನಾನು ನನ್ನ ಎಂಜಿನ್ನಿನ 16 ವಾಲ್ವ್‌ಗಳ ಲೆಕ್ಕವನ್ನೂ ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ. ನಮ್ಮೂರಿನ ಗ್ಯಾರೇಜುಗಳಲ್ಲಿ ಎಲ್ಲಕ್ಕೂ ಸಿಗುವ ಉತ್ತರ ‘ಚಲೇಗಾ’. ಬಂಪರಿಗೆ ಅದು ಸಾಕು. ಸ್ಪ್ರಿಂಗಿಗೆ ಮಾತ್ರ ಅಳತೆ ಕೇಳಿ.