ತಲೆ ಕಾಯುವ ಕಮಾನು ದಾರಿಗೆ ಅಡ್ಡ ಬರುತ್ತದೆಯೇ?

‘ಹೆಲ್ಮೆಟ್ ಹಾಕಿದ್ರೆ ಪಕ್ಕ ಕಾಣಲ್ಲ.’ ಹುಣಸೂರು–ಪಿರಿಯಾಪಟ್ಟಣ ರಸ್ತೆಯಲ್ಲಿ ಬೈಕ್ ಓಡಿಸುವವರ ಈ ತಕರಾರು ಕಾರ್ ರೇಸಿನವರಲ್ಲೂ ಎದ್ದಿತ್ತು.

2018ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ, ಚಾಲಕನ ತಲೆಯ ಸುತ್ತ ‘ಹೇಲೋ’ ಎಂಬ ಟೈಟಾನಿಯಂ ಕಮಾನು ಕಡ್ಡಾಯವಾಯಿತು. ಕಾರಿಗೆ ಹವಾಯಿ ಚಪ್ಪಲಿಯ ಪಟ್ಟಿ ಕಟ್ಟಿದ್ದಾರೆ ಎಂದು ಅಭಿಮಾನಿಗಳು ಸಿಟ್ಟಾದರು. ಚೆಂದವಿಲ್ಲ ಎಂಬುದೇನೋ ನಿಜ. ಆದರೆ ಕಮಾನಿನ ನಡುಗಂಬ ಅಡ್ಡ ಬಂದು ದಾರಿಯೇ ಕಾಣುವುದಿಲ್ಲ ಎಂಬುದು?

ಮನೆಯಲ್ಲೇ ಪರೀಕ್ಷಿಸಿ. ಪೆನ್ಸಿಲ್ಲನ್ನು ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ನೆಟ್ಟಗೆ ಹಿಡಿದು, ಎದುರು ಗೋಡೆಯ ಕ್ಯಾಲೆಂಡರ್ ನೋಡಿ. ಪೆನ್ಸಿಲ್ ಎರಡಾಗಿ ಮಸುಕಾಗುತ್ತದೆ, ಕ್ಯಾಲೆಂಡರ್ ಪೂರ್ತಿ ಕಾಣುತ್ತದೆ. ಒಂದು ಕಣ್ಣು ಮುಚ್ಚಿದರೆ ಒಂದಿಷ್ಟು ಮರೆಯಾಗುತ್ತದೆ. ಒಂದು ಕಣ್ಣಿಗೆ ಮರೆಯಾದದ್ದನ್ನು ಇನ್ನೊಂದು ನೋಡುತ್ತದೆ, ಅಷ್ಟೇ. ಹೇಲೋ ಕಂಬವೂ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ತೆಳು.

ಈ ಕಮಾನು ಸುಮಾರು 12 ಟನ್ ಭಾರ ತಡೆಯುತ್ತದೆ. ಅದೇ ವರ್ಷ ಫಾರ್ಮುಲಾ 2ಕ್ಕೂ ಬಂತು. ಆಗ ಬೆಂಗಳೂರಿನ ಅರ್ಜುನ್ ಮೈನಿ ಅಲ್ಲಿ ಓಡಿಸುತ್ತಿದ್ದರು. ಹೇಲೋ ಬೇಡ ಎಂದಿದ್ದ ಚಾಲಕ ರೊಮೇನ್ ಗ್ರೋಜಾನ್ ಅವರ ಕಾರು 2020ರ ನವೆಂಬರಿನಲ್ಲಿ ಬಹ್ರೇನ್‌ನಲ್ಲಿ ತಡೆಬೇಲಿ ಸೀಳಿ ಹೊತ್ತಿ ಉರಿಯಿತು. ಕೈ ಸುಟ್ಟರೂ ತಾವೇ ಹೊರಗೆ ಬಂದರು. ಆಸ್ಪತ್ರೆಯಿಂದಲೇ ಹೇಲೋವನ್ನು ಹೊಗಳಿದರು.

ಇನ್ನು ನಮ್ಮ ಹೆಲ್ಮೆಟ್. 2016ರಿಂದ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯ. ಐಎಸ್‌ಐ ಹೆಲ್ಮೆಟ್ಟಿನ ಕಿಂಡಿಯನ್ನು ಪಕ್ಕದ ನೋಟಕ್ಕೆಂದೇ ಅಗಲವಾಗಿ ಬಿಟ್ಟಿರುತ್ತಾರೆ. ರಾತ್ರಿ ಮಬ್ಬಾಗಿ ಕಂಡರೆ ಗೀರು ಬಿದ್ದ ಗಾಜು ಬದಲಿಸಿ, ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಬೇಡಿ.